ಮನೆಯೊಳಗಿನ ಮೋಡಕ್ಕೊಂದು ಕೈಪಿಡಿ

ನಮ್ಮ ಸಣ್ಣ ಊರುಗಳಲ್ಲಿ ಆಗಾಗ ಕಾಣಸಿಗುವ ದೃಶ್ಯವೊಂದಿದೆ. ಮೂವತ್ತು ವರ್ಷ ಕೊಳಾಯಿಗೆ ನೀರು ಬಿಟ್ಟ ನೀರುಗಂಟಿ ನಿವೃತ್ತನಾಗುತ್ತಾನೆ. ಕೆಲವೇ ದಿನಗಳಲ್ಲಿ ಯಾವುದೋ ಒಂದು ಬೀದಿಗೆ ನೀರು ಬರುವುದು ನಿಂತುಹೋಗುತ್ತದೆ. ಹೊಸಬ ಬಂದು ರಸ್ತೆ ಅಗೆಯುತ್ತಾನೆ, ವಾಲ್ವ್ ಸಿಗುವುದಿಲ್ಲ. ಇನ್ನೊಂದು ಕಡೆ ಅಗೆದರೂ ಇಲ್ಲ. ಕೊನೆಗೆ ಹಳಬನನ್ನೇ ಮನೆಯಿಂದ ಕರೆಸಬೇಕಾಗುತ್ತದೆ. ಅವನು ಬಂದು ಕಾಲಿನಿಂದಲೇ ನೆಲ ತೋರಿಸಿ, 'ಇಲ್ಲೇ, ಮೂರಡಿ ಕೆಳಗೆ' ಎನ್ನುತ್ತಾನೆ. ಆ ಊರಿನ ನೀರು ಸರಬರಾಜಿನ ನಕ್ಷೆ ಪಂಚಾಯಿತಿ ಕಚೇರಿಯಲ್ಲಿ ಇರಲಿಲ್ಲ, ಅವನ ತಲೆಯಲ್ಲಿತ್ತು.

ಕಂಪ್ಯೂಟರ್ ಲೋಕದಲ್ಲಿ ಇಂದು ಎಲ್ಲರ ಬಾಯಲ್ಲೂ ಇರುವ 'ಕ್ಲೌಡ್' ವ್ಯವಸ್ಥೆಗೂ ಇಂಥದೇ ತೊಂದರೆ ಇದೆ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಕೋಟ್ಯಂತರ ರೂಪಾಯಿ ಬೆಲೆಯ ಯಂತ್ರಗಳು, ಹವಾನಿಯಂತ್ರಿತ ಕೊಠಡಿಗಳು, ಹಗಲಿರುಳು ಕಾವಲು, ಎಲ್ಲವೂ ಇದ್ದರೂ ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಯಾವ ಸ್ವಿಚ್ ಆರಿಸಿದರೆ ಏನು ನಿಲ್ಲುತ್ತದೆ ಎಂಬುದು ಬರಹದಲ್ಲಿ ಇಲ್ಲದಿದ್ದರೆ ಅದೆಲ್ಲ ಒಬ್ಬಿಬ್ಬರ ನೆನಪನ್ನೇ ಅವಲಂಬಿಸಿರುತ್ತದೆ. ಆ ಒಬ್ಬಿಬ್ಬರು ಕೆಲಸ ಬಿಟ್ಟರೆ?

ಬಾಡಿಗೆ ಮೋಡ, ಸ್ವಂತ ಮೋಡ

ಮೊದಲು ಕ್ಲೌಡ್ ಎಂದರೇನು ಎಂಬುದನ್ನು ನೋಡೋಣ. ಹೆಸರು ಮೋಡವಾದರೂ ಇದು ಆಕಾಶದಲ್ಲಿಲ್ಲ. ದೊಡ್ಡ ಕಟ್ಟಡವೊಂದರಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಕಬ್ಬಿಣದ ಚೌಕಟ್ಟುಗಳಲ್ಲಿ, ಅಂದರೆ 'ರ‍್ಯಾಕ್'ಗಳಲ್ಲಿ, ಜೋಡಿಸಿಟ್ಟ ಸರ್ವರ್‌ಗಳ ಸಮೂಹವದು. ಆ ಸರ್ವರ್‌ಗಳ ಶಕ್ತಿಯನ್ನು ಒಟ್ಟುಗೂಡಿಸಿ, ಕೇಳಿದವರಿಗೆ ಕೇಳಿದಷ್ಟು ಹಂಚುವ ಏರ್ಪಾಡೇ ಕ್ಲೌಡ್.

ಕಲ್ಯಾಣ ಮಂಟಪದ ದೊಡ್ಡ ಹಾಲನ್ನು ಪರದೆ ಕಟ್ಟಿ ಬೇಕಾದಷ್ಟು ಕೋಣೆಗಳನ್ನಾಗಿ ಮಾಡಿಕೊಳ್ಳುವುದನ್ನು ನೆನಪಿಸಿಕೊಳ್ಳಿ. ಮದುವೆ ಮುಗಿದ ಮೇಲೆ ಪರದೆ ಬಿಚ್ಚಿದರೆ ಮತ್ತೆ ಅದೇ ಹಾಲು. ಹಾಗೆಯೇ ಒಂದು ಸರ್ವರಿನೊಳಗೆ ತಂತ್ರಾಂಶದ 'ಪರದೆ' ಕಟ್ಟಿ ಹತ್ತಾರು ಕಂಪ್ಯೂಟರ್‌ಗಳು ಇರುವಂತೆ ತೋರಿಸಬಹುದು. ಇವುಗಳಿಗೆ 'ವರ್ಚುವಲ್ ಮಷೀನ್' ಎಂದು ಹೆಸರು. ಬೇಕೆಂದಾಗ ನಿಮಿಷದೊಳಗೆ ಒಂದನ್ನು ಹುಟ್ಟಿಸಬಹುದು, ಬೇಡವೆಂದಾಗ ಅಳಿಸಬಹುದು. ಬಳಸಿದಷ್ಟಕ್ಕೆ ಲೆಕ್ಕವೂ ಸಿಗುತ್ತದೆ.

ಅಮೆರಿಕದ ಮಾನಕಗಳ ಸಂಸ್ಥೆಯಾದ ಎನ್.ಐ.ಎಸ್.ಟಿ. 2011ರಲ್ಲಿ ಕ್ಲೌಡ್‌ಗೆ ಒಂದು ವ್ಯಾಖ್ಯೆ ಕೊಟ್ಟಿತು. ಬೇಕಾದವರು ತಾವೇ ಪಡೆದುಕೊಳ್ಳುವಂತಿರಬೇಕು, ಜಾಲದ ಮೂಲಕ ಎಲ್ಲಿಂದಲೂ ಸಿಗಬೇಕು, ಸಂಪನ್ಮೂಲಗಳನ್ನು ಒಟ್ಟುಗೂಡಿಸಿ ಹಂಚಬೇಕು, ಬೇಗನೆ ಹಿಗ್ಗಿಸುವ ಕುಗ್ಗಿಸುವ ಅವಕಾಶವಿರಬೇಕು, ಬಳಕೆಯನ್ನು ಅಳೆಯುವಂತಿರಬೇಕು. ಇವು ಅದರ ಐದು ಲಕ್ಷಣಗಳು. ಈ ಐದೂ ಇದ್ದರೆ ಯಂತ್ರಗಳು ಯಾರದಾದರೂ ಅದು ಕ್ಲೌಡೇ.

ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮುಂತಾದ ಕಂಪೆನಿಗಳು ತಮ್ಮ ಕ್ಲೌಡನ್ನು ಬಾಡಿಗೆಗೆ ಕೊಡುತ್ತವೆ. ಆದರೆ ಎಲ್ಲರೂ ಬಾಡಿಗೆ ಮನೆಯಲ್ಲಿರುವುದಿಲ್ಲ. ಬ್ಯಾಂಕುಗಳು, ಆಸ್ಪತ್ರೆಗಳು, ಸಂಶೋಧನಾಲಯಗಳು, ಸರ್ಕಾರಿ ಇಲಾಖೆಗಳಲ್ಲಿ ಕೆಲವು ತಮ್ಮದೇ ಆವರಣದಲ್ಲಿ ತಮ್ಮದೇ ಯಂತ್ರಗಳಿಂದ ಕ್ಲೌಡ್ ಕಟ್ಟಿಕೊಳ್ಳುತ್ತವೆ. ಮಾಹಿತಿ ಹೊರಗೆ ಹೋಗಬಾರದೆಂಬ ಕಾಳಜಿ, ಕಾನೂನಿನ ನಿರ್ಬಂಧ, ವರ್ಷವಿಡೀ ಒಂದೇ ಸಮನೆ ಬಳಕೆ ಇದ್ದರೆ ಬಾಡಿಗೆಗಿಂತ ಸ್ವಂತದ್ದೇ ಅಗ್ಗ ಎಂಬ ಲೆಕ್ಕಾಚಾರ, ಹೀಗೆ ಕಾರಣಗಳು ಹಲವು. ನಮ್ಮ ದೇಶದಲ್ಲಿಯೂ ಸರ್ಕಾರಿ ಇಲಾಖೆಗಳ ಬಳಕೆಗಾಗಿ 'ಮೇಘರಾಜ್' ಎಂಬ ಯೋಜನೆಯಡಿ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು. ಅದನ್ನು ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ.

ಬಾಡಿಗೆ ಮನೆಯಲ್ಲಿ ಸೂರು ಸೋರಿದರೆ ಮಾಲೀಕರಿಗೆ ಹೇಳಿದರಾಯಿತು. ಸ್ವಂತ ಮನೆಯಲ್ಲಿ ಹೆಂಚು ನಾವೇ ಹೊದಿಸಬೇಕು. ಸ್ವಂತ ಕ್ಲೌಡಿನದೂ ಇದೇ ಕಥೆ. ವಿದ್ಯುತ್ ಕೇಬಲಿನಿಂದ ಹಿಡಿದು ಪಾಸ್‌ವರ್ಡಿನವರೆಗೆ ಎಲ್ಲಕ್ಕೂ ಮನೆಯವರೇ ಹೊಣೆ. ಆದ್ದರಿಂದಲೇ ಇಲ್ಲಿ ಬರೆದಿಡುವ ಕೆಲಸಕ್ಕೆ ಅಷ್ಟೊಂದು ಮಹತ್ವ.

ವೆಬ್ ಹುಟ್ಟಿದ್ದೂ ಇದೇ ಚಿಂತೆಯಿಂದ

ಬರೆದಿಡುವ ಕೆಲಸ ನೀರಸವೆಂದು ಮೂಗು ಮುರಿಯುವವರಿಗೆ ಒಂದು ಸ್ವಾರಸ್ಯದ ಇತಿಹಾಸವಿದೆ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಗಡಿಯಲ್ಲಿ, ಜಿನೀವಾ ನಗರದ ಬಳಿ, 1954ರಲ್ಲಿ ಸ್ಥಾಪನೆಯಾದ 'ಸರ್ನ್' ಎಂಬ ಭೌತವಿಜ್ಞಾನ ಸಂಶೋಧನಾಲಯವಿದೆ. ಪರಮಾಣುವಿಗಿಂತ ಸೂಕ್ಷ್ಮವಾದ ಕಣಗಳನ್ನು ಪರಸ್ಪರ ಡಿಕ್ಕಿ ಹೊಡೆಸಿ ಪರೀಕ್ಷಿಸುವ ಸ್ಥಳವದು. ಅಲ್ಲಿ ಸಾವಿರಾರು ವಿಜ್ಞಾನಿಗಳು ಬೇರೆ ಬೇರೆ ದೇಶಗಳಿಂದ ಬಂದು, ಕೆಲಸ ಮುಗಿಸಿ ತಮ್ಮ ದೇಶಕ್ಕೆ ಮರಳುತ್ತಾರೆ.

1989ರ ಮಾರ್ಚಿನಲ್ಲಿ ಅಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಬ್ರಿಟಿಷ್ ತಂತ್ರಜ್ಞ ತನ್ನ ಮೇಲಧಿಕಾರಿಗೆ ಒಂದು ಪ್ರಸ್ತಾವ ಬರೆದುಕೊಟ್ಟ. ಅದರ ವಿಷಯವೇ ಮಾಹಿತಿ ನಿರ್ವಹಣೆ. ಸರ್ನ್‌ಗೆ ಬಂದವರು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಇರುತ್ತಾರೆ, ಅವರು ಹೋದಾಗ ಅವರಿಗೆ ಗೊತ್ತಿದ್ದುದೂ ಅವರೊಂದಿಗೇ ಹೋಗುತ್ತದೆ, ಹೊಸಬರು ಮೊದಲಿನಿಂದ ಹುಡುಕಬೇಕಾಗುತ್ತದೆ ಎಂಬುದು ಅವನ ಅಳಲು. ಇದಕ್ಕೆ ಅವನು ಸೂಚಿಸಿದ ಪರಿಹಾರ, ಒಂದು ದಾಖಲೆಯಿಂದ ಇನ್ನೊಂದು ದಾಖಲೆಗೆ ಕೊಂಡಿ ಹಾಕಿ ಎಲ್ಲವನ್ನೂ ಬಲೆಯಂತೆ ಹೆಣೆಯುವುದು. ಅದೇ ಮುಂದೆ 'ವರ್ಲ್ಡ್ ವೈಡ್ ವೆಬ್' ಆಯಿತು. ಜಗತ್ತಿನ ಮೊದಲ ವೆಬ್ ತಾಣದಲ್ಲಿದ್ದುದು ವೆಬ್ ಎಂದರೇನು, ಅದನ್ನು ಬಳಸುವುದು ಹೇಗೆ ಎಂಬ ವಿವರಣೆ, ಅಂದರೆ ಒಂದು ಕೈಪಿಡಿ! ಸರ್ನ್‌ನ ಸಿಬ್ಬಂದಿಗೆ ವೆಬ್ ಮೊದಮೊದಲು ಉಪಯೋಗಕ್ಕೆ ಬಂದದ್ದು ಅಲ್ಲಿನ ದೂರವಾಣಿ ಸಂಖ್ಯೆಗಳನ್ನು ಹುಡುಕಲು ಎಂಬುದೂ ಗಮನಾರ್ಹ.

ಅದೇ ಸರ್ನ್ ಇಪ್ಪತ್ತನಾಲ್ಕು ವರ್ಷಗಳ ನಂತರ, 2013ರಲ್ಲಿ, ತನ್ನದೇ ಕ್ಲೌಡನ್ನು ಬಳಕೆಗೆ ತಂದಿತು. ಇಪ್ಪತ್ತೇಳು ಕಿಲೋಮೀಟರ್ ಸುತ್ತಳತೆಯ ಅದರ ಕಣವೇಗವರ್ಧಕ ಯಂತ್ರದಿಂದ ಹೊರಬರುವ ಅಗಾಧ ಮಾಹಿತಿಯನ್ನು ವಿಶ್ಲೇಷಿಸಲು ಬಿಡಿಬಿಡಿ ಕಂಪ್ಯೂಟರ್‌ಗಳು ಸಾಲದಾಗಿದ್ದವು. ಕೆಲವೇ ವರ್ಷಗಳಲ್ಲಿ ಆ ಕ್ಲೌಡ್ ಸುಮಾರು ಮೂರು ಲಕ್ಷ 'ಕೋರ್'ಗಳಷ್ಟು, ಅಂದರೆ ಮೂರು ಲಕ್ಷ ಗಣನ ಘಟಕಗಳಷ್ಟು ಬೆಳೆಯಿತು. ಇಷ್ಟು ದೊಡ್ಡದನ್ನು ನೆನಪಿನ ಬಲದಿಂದ ನಡೆಸಲು ಯಾವ ಮೇಧಾವಿಗೂ ಸಾಧ್ಯವಿಲ್ಲ.

ಐದು ದಿನಗಳಲ್ಲಿ ಒಂದು ಪುಸ್ತಕ

ಸರ್ನ್ ಆರಿಸಿಕೊಂಡ ತಂತ್ರಾಂಶದ ಹೆಸರು 'ಓಪನ್‌ಸ್ಟ್ಯಾಕ್'. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ಟೆಕ್ಸಾಸಿನ ರ‍್ಯಾಕ್‌ಸ್ಪೇಸ್ ಕಂಪೆನಿ ಸೇರಿ 2010ರ ಜುಲೈನಲ್ಲಿ ಇದನ್ನು ಆರಂಭಿಸಿದವು. ವರ್ಚುವಲ್ ಮಷೀನುಗಳನ್ನು ನಡೆಸುವ ಭಾಗವನ್ನು ನಾಸಾ ಕೊಟ್ಟರೆ, ಮಾಹಿತಿಯನ್ನು ಶೇಖರಿಸಿಡುವ ಭಾಗವನ್ನು ರ‍್ಯಾಕ್‌ಸ್ಪೇಸ್ ಕೊಟ್ಟಿತು. ಯಾರು ಬೇಕಾದರೂ ಉಚಿತವಾಗಿ ಪಡೆದು, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶವಿದು.

ಉಚಿತವಾಗಿ ಸಿಕ್ಕಿದ್ದೇನೋ ಸರಿ, ನಡೆಸುವುದು ಹೇಗೆ? ಆರಂಭದಲ್ಲಿ ಇದ್ದ ಕೈಪಿಡಿಗಳಲ್ಲಿ ಹೆಚ್ಚಿನವು ಅಳವಡಿಸುವುದನ್ನು ಹೇಳುತ್ತಿದ್ದವು. ಅಳವಡಿಸಿದ ಮೇಲೆ ದಿನನಿತ್ಯ ಕಾಪಾಡುವುದನ್ನು ಹೇಳುವ ಪುಸ್ತಕ ಬೇಕಾಗಿತ್ತು. 2013ರ ಫೆಬ್ರುವರಿಯಲ್ಲಿ, ಬೇರೆ ಬೇರೆ ಸಂಸ್ಥೆಗಳಲ್ಲಿ ನಿಜವಾಗಿ ಇಂಥ ಕ್ಲೌಡ್‌ಗಳನ್ನು ನಡೆಸುತ್ತಿದ್ದ ಕೆಲವರು ಮತ್ತು ಬರವಣಿಗೆ ಬಲ್ಲವರು ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಒಟ್ಟಿಗೆ ಕುಳಿತರು. ಐದೇ ದಿನಗಳಲ್ಲಿ ಒಂದು ಪೂರ್ಣ ಪುಸ್ತಕ ಬರೆದು ಮುಗಿಸಿದರು. 'ಓಪನ್‌ಸ್ಟ್ಯಾಕ್ ಆಪರೇಷನ್ಸ್ ಗೈಡ್' ಎಂಬ ಈ ಕೃತಿಯನ್ನು ಮರುವರ್ಷ ಓರೈಲಿ ಪ್ರಕಾಶನ ಅಚ್ಚು ಹಾಕಿತು. ಅದರ ಕೊನೆಯಲ್ಲಿ, ತಾವು ಎದುರಿಸಿದ ವಿಚಿತ್ರ ತೊಂದರೆಗಳನ್ನೂ ಅವುಗಳ ಮೂಲವನ್ನು ಹುಡುಕಿದ ಬಗೆಯನ್ನೂ ಕಥೆಗಳಂತೆ ಹೇಳಿದ ಭಾಗವೊಂದಿದೆ. ಇನ್ನೊಬ್ಬರಿಗೆ ಅದೇ ತೊಂದರೆ ಬಂದರೆ ಆ ಕಥೆಯೇ ದಾರಿದೀಪ.

ಏನೇನು ಬರೆದಿಡಬೇಕು?

ವಿಜ್ಞಾನ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ಪರಿಚಿತವೇ. ಉದ್ದೇಶ, ಬೇಕಾದ ಸಲಕರಣೆ, ಚಿತ್ರ, ವಿಧಾನ, ವೀಕ್ಷಣೆ, ಫಲಿತಾಂಶ ಎಂಬ ಶೀರ್ಷಿಕೆಗಳನ್ನು ಎಷ್ಟೋ ಮಕ್ಕಳು ಅಂಕಕ್ಕಾಗಿ ಮಾತ್ರ ತುಂಬುತ್ತಾರೆ. ಸ್ವಂತ ಕ್ಲೌಡಿನ ದಾಖಲೆಗೂ ಹೆಚ್ಚುಕಡಿಮೆ ಇವೇ ಶೀರ್ಷಿಕೆಗಳು ಎಂಬುದು ತಿಳಿದರೆ ಅವರ ಉತ್ಸಾಹ ಹೆಚ್ಚಬಹುದು.

ಮೊದಲನೆಯದು ಪಟ್ಟಿ ಮತ್ತು ನಕ್ಷೆ. ಯಾವ ರ‍್ಯಾಕಿನಲ್ಲಿ ಎಷ್ಟನೆಯ ಸ್ಥಾನದಲ್ಲಿ ಯಾವ ಸರ್ವರ್ ಇದೆ, ಅದರ ವಿಳಾಸವೇನು, ಯಾವ ಸ್ವಿಚ್ಚಿಗೆ ಸೇರಿದೆ, ವಿದ್ಯುತ್ ಎಲ್ಲಿಂದ ಬರುತ್ತದೆ, ಯಾವಾಗ ಕೊಂಡದ್ದು, ಖಾತರಿ ಅವಧಿ ಎಂದು ಮುಗಿಯುತ್ತದೆ ಎಂಬ ವಿವರಗಳು ಇಲ್ಲಿರಬೇಕು. ಕೇಬಲಿನ ಎರಡೂ ತುದಿಗೆ ಚೀಟಿ ಅಂಟಿಸುವುದು ಕೂಡ ದಾಖಲೆಯೇ.

ಎರಡನೆಯದು ವಿಧಾನ. ಸರ್ವರ್ ಕೆಟ್ಟರೆ ಏನು ಮಾಡಬೇಕು, ಡಿಸ್ಕ್ ತುಂಬಿದರೆ ಏನು, ವಿದ್ಯುತ್ ಹೋಗಿ ಬಂದಾಗ ಯಾವುದನ್ನು ಮೊದಲು ಚಾಲೂ ಮಾಡಬೇಕು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಬರೆದ ಪುಸ್ತಕಕ್ಕೆ ತಂತ್ರಜ್ಞರು 'ರನ್‌ಬುಕ್' ಎನ್ನುತ್ತಾರೆ. ಇದನ್ನು ಓದುವವನು ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ, ಗಾಬರಿಯಲ್ಲಿ ಓದುತ್ತಾನೆ ಎಂಬುದನ್ನು ಬರೆಯುವವನು ನೆನಪಿಟ್ಟುಕೊಂಡಿರಬೇಕು. ಉದ್ದನೆಯ ವಾಕ್ಯಗಳಿಗೆ ಅಲ್ಲಿ ಜಾಗವಿಲ್ಲ. ಪ್ರತಿ ಹೆಜ್ಜೆಯ ನಂತರ ಪರದೆಯ ಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳಬೇಕು.

ಮೂರನೆಯದು ಕಾರಣ. ಇದು ಎಲ್ಲರೂ ಮರೆಯುವ ಭಾಗ. ಏನಿದೆ ಎಂಬುದನ್ನು ಯಂತ್ರವನ್ನು ನೋಡಿ ತಿಳಿಯಬಹುದು, ಹಾಗೇಕೆ ಇದೆ ಎಂಬುದನ್ನು ತಿಳಿಯಲಾಗದು. ಎರಡು ಸರ್ವರ್‌ಗಳನ್ನು ಒಂದೇ ಕೊಠಡಿಯಲ್ಲಿ ಇಡದೆ ಬೇರೆ ಬೇರೆ ಕಡೆ ಇಟ್ಟದ್ದೇಕೆ? ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯಲಿ ಎಂದು. ಈ ಒಂದು ಸಾಲು ಬರೆದಿರದಿದ್ದರೆ, ಐದು ವರ್ಷದ ನಂತರ ಬಂದ ಜಾಣನೊಬ್ಬ ಜಾಗ ಉಳಿಸಲೆಂದು ಎರಡನ್ನೂ ಒಟ್ಟಿಗೆ ಇಟ್ಟುಬಿಡುತ್ತಾನೆ.

ನಾಲ್ಕನೆಯದು ದಿನಚರಿ. ಯಾವ ದಿನ, ಯಾರು, ಏನನ್ನು ಬದಲಿಸಿದರು ಎಂಬ ಲೆಕ್ಕ. ನಿನ್ನೆ ನಡೆಯುತ್ತಿದ್ದುದು ಇಂದು ನಿಂತಿದೆ ಎಂದಾಗ ಮೊದಲು ತೆರೆಯಬೇಕಾದ ಪುಟವೇ ಇದು. ಕೆಟ್ಟದ್ದು ಏನು, ಸರಿಪಡಿಸಿದ್ದು ಹೇಗೆ ಎಂಬ ಅವಘಡದ ವರದಿಯೂ ಇದರ ಜೊತೆಗೇ ಸೇರುತ್ತದೆ. ಆ ವರದಿಯ ಉದ್ದೇಶ ತಪ್ಪಿತಸ್ಥನನ್ನು ಹಿಡಿಯುವುದಲ್ಲ. ಹಾಗೆ ಹಿಡಿಯತೊಡಗಿದರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ದಾಖಲೆಗೂ ವಯಸ್ಸಾಗುತ್ತದೆ

ಬರೆದಿಟ್ಟರೆ ಮುಗಿಯಿತೇ? ಇಲ್ಲ. ಹಳೆಯ ಬಸ್ ವೇಳಾಪಟ್ಟಿಯನ್ನು ನಂಬಿ ನಿಲ್ದಾಣಕ್ಕೆ ಹೋದವನ ಪಾಡು ವೇಳಾಪಟ್ಟಿಯೇ ಇಲ್ಲದವನಿಗಿಂತ ಕಷ್ಟ. ಇಲ್ಲದವನು ಯಾರನ್ನಾದರೂ ಕೇಳುತ್ತಾನೆ, ಇರುವವನು ನಂಬಿ ಕಾಯುತ್ತಾನೆ. ಹಳಸಿದ ದಾಖಲೆಯ ಅಪಾಯ ಇದೇ.

ಓಪನ್‌ಸ್ಟ್ಯಾಕಿನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಹೊರಬರುತ್ತದೆ. 2010ರ ಅಕ್ಟೋಬರಿನ ಮೊದಲ ಆವೃತ್ತಿ 'ಆಸ್ಟಿನ್'ನಿಂದ ಆರಂಭಿಸಿ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹೆಸರಿಡುತ್ತಾ ಬಂದು, 2022ರಲ್ಲಿ 'ಝೆಡ್' ಎಂಬ ಆವೃತ್ತಿಯೊಂದಿಗೆ ಒಂದು ಸುತ್ತು ಮುಗಿಯಿತು. ಅಂದರೆ ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಾರು ಆವೃತ್ತಿಗಳು! ಪ್ರತಿ ಬಾರಿಯೂ ಕೆಲವು ಆಜ್ಞೆಗಳು ಬದಲಾಗುತ್ತವೆ, ಕೆಲವು ಮಾಯವಾಗುತ್ತವೆ. ಕೈಪಿಡಿಯೂ ಅದರ ಬೆನ್ನು ಹಿಡಿದು ಓಡಬೇಕು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉಪಾಯ ಸರಳವಾದುದು. ಕೈಪಿಡಿಯನ್ನೂ ತಂತ್ರಾಂಶದಂತೆಯೇ ನೋಡಿಕೊಳ್ಳುವುದು. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ರೂಪಿಸಿದ 'ಗಿಟ್' ಎಂಬ ಸಾಧನವು ಪ್ರತಿ ಬದಲಾವಣೆಯನ್ನೂ, ಮಾಡಿದವರ ಹೆಸರು ಮತ್ತು ದಿನಾಂಕದ ಸಹಿತ ನೆನಪಿಟ್ಟುಕೊಳ್ಳುತ್ತದೆ. ಕೈಪಿಡಿಯ ಪುಟಗಳನ್ನೂ ಅದರಲ್ಲೇ ಇಟ್ಟರೆ ಯಾವ ಸಾಲು ಎಂದು, ಏಕೆ ಬದಲಾಯಿತು ಎಂದು ತಿಳಿಯುತ್ತದೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಸೇರ್ಪಡೆಯಾಗುತ್ತದೆ. ತಂತ್ರಾಂಶ ಬದಲಿಸಿದವರು, ಇದರಿಂದ ಕೈಪಿಡಿಯೂ ಬದಲಾಗಬೇಕು ಎಂದು ಅಲ್ಲಿಯೇ ಗುರುತು ಹಾಕುವ ಪದ್ಧತಿಯನ್ನೂ ಓಪನ್‌ಸ್ಟ್ಯಾಕಿನವರು ತಂದರು.

ಆದರೂ ಕಷ್ಟ ತಪ್ಪಲಿಲ್ಲ. ಕೈಪಿಡಿಗಳಿಗೆಂದೇ ಇದ್ದ ಕೇಂದ್ರ ತಂಡದಲ್ಲಿ ಜನ ಕಡಿಮೆಯಾಗುತ್ತಾ ಬಂದರು. ಅವರ ಸಂಸ್ಥೆಗಳು ಅವರನ್ನು ಬೇರೆ ಕೆಲಸಕ್ಕೆ ಹಚ್ಚಿದ್ದವು. 2017ರಲ್ಲಿ ದೊಡ್ಡ ಬದಲಾವಣೆ ಅನಿವಾರ್ಯವಾಯಿತು. ಒಂದೆಡೆ ಇದ್ದ ಕೈಪಿಡಿಗಳಲ್ಲಿ ಬಹುಭಾಗವನ್ನು ಬಿಡಿಸಿ, ಆಯಾ ತಂತ್ರಾಂಶ ಭಾಗವನ್ನು ಬರೆಯುವ ತಂಡಗಳಿಗೇ ಒಪ್ಪಿಸಲಾಯಿತು. ಯಂತ್ರ ಮಾಡಿದವರೇ ಅದರ ವಿವರಣೆಯನ್ನೂ ಕಾಪಾಡಲಿ ಎಂಬುದು ಇದರ ಹಿಂದಿನ ತತ್ವ. ಆದರೆ ಯಾವ ಒಂದು ಭಾಗಕ್ಕೂ ಸೇರದೆ ಇಡೀ ವ್ಯವಸ್ಥೆಯ ಬಗ್ಗೆ ಮಾತನಾಡುವ ಪುಸ್ತಕಕ್ಕೆ ಯಾರು ದಿಕ್ಕು? ಐದು ದಿನಗಳಲ್ಲಿ ಬರೆದಿದ್ದ ಆ ನಿರ್ವಹಣಾ ಕೈಪಿಡಿಯೇ ನೋಡುವವರಿಲ್ಲದಂತಾಗಿ, ಬಳಸುವವರೇ ತಿದ್ದಿಕೊಳ್ಳಲೆಂದು ಅದನ್ನು ಸಾರ್ವಜನಿಕ ಪುಟಗಳಿಗೆ ಸಾಗಿಸಬೇಕಾಯಿತು. ಪುಸ್ತಕ ಬರೆಯಲು ಐದು ದಿನ ಸಾಕಾಗಿತ್ತು, ಅದನ್ನು ಸಾಕಲು ಮಾತ್ರ ವರ್ಷಗಟ್ಟಲೆ ಜನ ಬೇಕು.

ಬರೆಯದಿದ್ದರೆ ಏನಾಗುತ್ತದೆ?

2017ರ ಜನವರಿ 31ರ ರಾತ್ರಿ 'ಗಿಟ್‌ಲ್ಯಾಬ್' ಎಂಬ ಕಂಪೆನಿಯಲ್ಲಿ ನಡೆದ ಘಟನೆಯನ್ನು ಆ ಕಂಪೆನಿಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದೆ. ಅದರ ಯಂತ್ರಗಳು ಆಗ ಬಾಡಿಗೆ ಕ್ಲೌಡಿನಲ್ಲಿದ್ದವಾದರೂ ಪಾಠ ಎಲ್ಲರಿಗೂ ಒಂದೇ. ಅಲ್ಲಿ ಮಾಹಿತಿಕೋಶದ ಎರಡು ಪ್ರತಿಗಳಿದ್ದವು, ಒಂದು ಮುಖ್ಯ, ಇನ್ನೊಂದು ನಕಲು. ನಕಲು ಹಿಂದೆ ಬಿದ್ದಾಗ ಅದನ್ನು ಹೊಸದಾಗಿ ತುಂಬಿಸಲು ಎಂಜಿನಿಯರ್ ಒಬ್ಬರು ಯತ್ನಿಸುತ್ತಿದ್ದರು. ಅದಕ್ಕೆಂದು ಬಳಸುವ ಸಾಧನ ಏನೂ ಹೇಳದೆ ಸುಮ್ಮನೆ ಕಾಯುತ್ತಾ ಕುಳಿತಿತು. ಕಾಯುವುದು ಅದರ ಸಹಜ ಸ್ವಭಾವ, ಆದರೆ ಆ ಮಾತು ಕಂಪೆನಿಯ ರನ್‌ಬುಕ್ಕಿನಲ್ಲಿ ಇರಲಿಲ್ಲ. ಹಳೆಯ ಕಡತಗಳು ಅಡ್ಡ ಬಂದಿವೆಯೆಂದು ಭಾವಿಸಿ ಅವರು ಅವುಗಳನ್ನು ಅಳಿಸಲು ಆಜ್ಞೆ ಕೊಟ್ಟರು. ಆಜ್ಞೆ ಕೊಟ್ಟದ್ದು ನಕಲಿನ ಸರ್ವರಿಗಲ್ಲ, ಮುಖ್ಯ ಸರ್ವರಿಗೆ! ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸಿದರೂ, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು ಕೇವಲ 4.5 ಗಿಗಾಬೈಟ್.

ಸರಿ, ಪ್ರತಿದಿನ ತೆಗೆದಿಡುವ ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದೂ ಇಲ್ಲ. ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿ ಒಂದು, ಮಾಹಿತಿಕೋಶದ ಆವೃತ್ತಿ ಇನ್ನೊಂದು ಆಗಿದ್ದರಿಂದ ಆ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇ-ಮೇಲ್‌ಗಳು ತಾಂತ್ರಿಕ ಕಾರಣದಿಂದ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ಕಂಪೆನಿ ಬಚಾವಾಯಿತು. ಆ ಆರು ಗಂಟೆಗಳ ಮಾಹಿತಿ ಮಾತ್ರ ಶಾಶ್ವತವಾಗಿ ಹೋಯಿತು. ಬ್ಯಾಕಪ್ ಇದೆ ಎಂದು ನಂಬಿದ್ದರೂ ಅದನ್ನು ಪರೀಕ್ಷಿಸಿ ನೋಡುವ ಹೊಣೆ ಯಾರ ಹೆಸರಿನಲ್ಲೂ ಇರಲಿಲ್ಲ.

ಇನ್ನೊಂದು ಘಟನೆ ಅನೇಕ ಓದುಗರ ಅನುಭವಕ್ಕೇ ಬಂದಿರುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ನಿಂತುಹೋದವು. ತನ್ನದೇ ಕಟ್ಟಡಗಳಲ್ಲಿ ತನ್ನದೇ ಯಂತ್ರಗಳನ್ನು ನಡೆಸುವ ಕಂಪೆನಿಯದು. ಮಾಮೂಲಿ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಕಟ್ಟಡಗಳನ್ನು ಬೆಸೆಯುವ ಜಾಲವೇ ಕಡಿದುಹೋಯಿತು. ಅಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ಕಾವಲು ತಂತ್ರಾಂಶದಲ್ಲೂ ದೋಷವಿತ್ತು. ಜಾಲ ಕಡಿದ ಮೇಲೆ, ತೊಂದರೆ ಹುಡುಕಲು ಸಿಬ್ಬಂದಿ ಬಳಸುತ್ತಿದ್ದ ಒಳಗಿನ ಸಾಧನಗಳಲ್ಲಿ ಅನೇಕವು ಕೂಡ ಕೆಲಸ ಮಾಡಲಿಲ್ಲ! ಕೊನೆಗೆ ಎಂಜಿನಿಯರುಗಳು ಖುದ್ದಾಗಿ ಕಟ್ಟಡಗಳಿಗೆ ಹೋಗಿ, ಭದ್ರತೆಯ ಕಟ್ಟುಗಳನ್ನು ದಾಟಿ ಸರಿಪಡಿಸಬೇಕಾಯಿತು.

ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ ಇದು. ಆದ್ದರಿಂದ ಸ್ವಂತ ಕ್ಲೌಡ್ ಇರುವವರು ಅದರ ಕೈಪಿಡಿಯ ಒಂದು ಪ್ರತಿಯನ್ನು ಆ ಕ್ಲೌಡಿನ ಹೊರಗೆ ಇಡಲೇಬೇಕು. ಕಾಗದದ ಮೇಲೆ ಮುದ್ರಿಸಿ ಕಪಾಟಿನಲ್ಲಿಟ್ಟರೂ ನಗುವ ಕಾರಣವಿಲ್ಲ. ಎಲ್ಲ ದೀಪಗಳೂ ಆರಿದಾಗ ಓದಲು ಸಿಗುವುದು ಕಾಗದವೇ.

ಯಂತ್ರವೇ ಬರೆದುಕೊಳ್ಳಬಾರದೇ?

ಹೀಗೊಂದು ಪ್ರಶ್ನೆ ಮೂಡುವುದು ಸಹಜ. ಉತ್ತರ, ಸ್ವಲ್ಪ ಮಟ್ಟಿಗೆ ಹೌದು. ಸರ್ವರುಗಳು ಹೇಗಿರಬೇಕು ಎಂಬುದನ್ನು ಒಂದು ಕಡತದಲ್ಲಿ ಬರೆದುಕೊಟ್ಟರೆ ಅದನ್ನು ಓದಿ ಹಾಗೆಯೇ ಅಣಿಗೊಳಿಸುವ 'ಆನ್ಸಿಬಲ್', 'ಪಪೆಟ್' ಮುಂತಾದ ಸಾಧನಗಳು ಬಂದಿವೆ. ಇಲ್ಲಿ ಬರಹವೇ ಆಜ್ಞೆ. ಬರಹ ಒಂದು, ಯಂತ್ರ ಇನ್ನೊಂದು ಆಗುವ ಸಂಭವ ಕಡಿಮೆ. ಯಂತ್ರಗಳ ಪಟ್ಟಿಯನ್ನೂ ತಂತ್ರಾಂಶದಿಂದ ತಾನಾಗಿ ತಯಾರಿಸಬಹುದು.

ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಕೈಪಿಡಿಯ ಕರಡನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಬೇಸರದ ಕೆಲಸವನ್ನು ಅವು ಹಗುರ ಮಾಡುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇಲ್ಲದ ಆಜ್ಞೆಯನ್ನೂ ಇದ್ದಂತೆ ಧೈರ್ಯವಾಗಿ ಬರೆಯುವ ದೋಷ ಅವುಗಳಿಗಿದೆ. ಮೇಲಾಗಿ, ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಮಳೆಗಾಲದಲ್ಲಿ ನೀರು ಸೋರುವುದರಿಂದ ಈ ರ‍್ಯಾಕನ್ನು ಗೋಡೆಯಿಂದ ದೂರ ಇಟ್ಟಿದೆ ಎಂಬ ಸತ್ಯ ಯಾವ ಯಂತ್ರಕ್ಕೂ ಗೊತ್ತಿಲ್ಲ. ಅದು ಗೊತ್ತಿರುವುದು ಅಲ್ಲಿ ಬಕೆಟ್ ಇಟ್ಟವನಿಗೆ ಮಾತ್ರ. 'ಏಕೆ' ಎಂಬುದನ್ನು ಮನುಷ್ಯನೇ ಬರೆಯಬೇಕು, ಬರೆದದ್ದನ್ನು ಮನುಷ್ಯನೇ ಮಾಡಿ ನೋಡಬೇಕು.

ವಿದ್ಯಾರ್ಥಿಗಳಿಗೆ ಇಲ್ಲಿ ಏನಿದೆ?

ಮಗ ಅಥವಾ ಮಗಳು ಕಂಪ್ಯೂಟರ್ ಓದಿದರೆ ಪ್ರೋಗ್ರಾಂ ಬರೆಯುವುದೊಂದೇ ಉದ್ಯೋಗ ಎಂದು ತಿಳಿದಿರುವ ಪೋಷಕರು ಅನೇಕ. ಆದರೆ ಬರೆದ ಪ್ರೋಗ್ರಾಮನ್ನು ಹಗಲಿರುಳು ನಡೆಸುವವರು, ಅದನ್ನು ವಿವರಿಸಿ ಬರೆಯುವವರು ಎಂಬ ಇನ್ನೆರಡು ವರ್ಗಗಳಿವೆ. ತಂತ್ರಜ್ಞಾನದ ಕೈಪಿಡಿ ಬರೆಯುವವರಿಗೆ 'ಟೆಕ್ನಿಕಲ್ ರೈಟರ್' ಎಂದು ಹೆಸರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಈ ಹುದ್ದೆಯವರು ದಶಕಗಳಿಂದ ಇದ್ದಾರೆ. ವಿಜ್ಞಾನ ಓದಿ ಭಾಷೆಯಲ್ಲೂ ಆಸಕ್ತಿ ಉಳಿಸಿಕೊಂಡವರಿಗೆ ಒಗ್ಗುವ ಕೆಲಸವಿದು. ಮುಕ್ತ ತಂತ್ರಾಂಶಗಳ ಕೈಪಿಡಿಗಳಲ್ಲಿ ತಪ್ಪು ಕಂಡರೆ ಕಾಲೇಜು ವಿದ್ಯಾರ್ಥಿಯೂ ತಿದ್ದುಪಡಿ ಕಳಿಸಬಹುದು. ಹಿರಿಯರು ಓದಿ ಒಪ್ಪಿದರೆ ಅವನ ಹೆಸರೂ ಅಲ್ಲಿ ದಾಖಲಾಗುತ್ತದೆ. ಇದಕ್ಕೆ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ.

ಇದಕ್ಕೆ ಬೇಕಾದ ಗುಣಗಳು ಶಾಲೆಯಲ್ಲೇ ಬೆಳೆಯುವಂಥವು. ಕಂಡದ್ದನ್ನು ಕಂಡಂತೆ ಬರೆಯುವುದು, ಉತ್ತರ ಸರಿ ಬರಲೆಂದು ಅಳತೆಯನ್ನು ತಿದ್ದದಿರುವುದು, ದಿನಾಂಕ ಹಾಕುವುದು, ತನಗೆ ಗೊತ್ತಿರುವುದು ಓದುವವನಿಗೂ ಗೊತ್ತಿದೆ ಎಂದು ಭಾವಿಸದಿರುವುದು. ಪಕ್ಕದವನ ರೆಕಾರ್ಡ್ ಪುಸ್ತಕವನ್ನು ನೋಡಿ ನಕಲು ಮಾಡುವ ವಿದ್ಯಾರ್ಥಿ ಕಳೆದುಕೊಳ್ಳುವುದು ಈ ಅಭ್ಯಾಸವನ್ನೇ.

ಮನೆಯಲ್ಲೇ ಮಾಡಿ ನೋಡಿ

ಬೇಕಾದ ವಸ್ತುಗಳು: ಒಂದು ಹಾಳೆ, ಪೆನ್ಸಿಲ್, ಮನೆಯಲ್ಲಿರುವ ಯಾವುದಾದರೊಂದು ಸಾಧನ. ಮಿಕ್ಸಿ, ರೇಡಿಯೊ ಅಥವಾ ಹೊಲಿಗೆ ಯಂತ್ರ ಆದೀತು.

ವಿಧಾನ: ಆ ಸಾಧನವನ್ನು ಬಳಸುವ ಕ್ರಮವನ್ನು ಒಂದೊಂದೇ ಹೆಜ್ಜೆಯಾಗಿ ಬರೆಯಿರಿ. ಸಾಧನದ ಚಿತ್ರ ಬರೆದು ಗುಂಡಿಗಳನ್ನು ಗುರುತಿಸಿ. ಈಗ ಅದನ್ನು ಎಂದೂ ಬಳಸದ ಒಬ್ಬರಿಗೆ, ತಾತನಿಗೋ ತಂಗಿಗೋ, ಹಾಳೆ ಕೊಡಿ. ಹಿರಿಯರೊಬ್ಬರು ಪಕ್ಕದಲ್ಲಿರಲಿ. ನೀವು ಮಾತ್ರ ಒಂದು ಮಾತನ್ನೂ ಆಡಬಾರದು.

ವೀಕ್ಷಣೆ: ಅವರು ಎಲ್ಲಿ ತಡೆದು ನಿಂತರು, ಎಲ್ಲಿ ನಿಮ್ಮ ಮುಖ ನೋಡಿದರು, ಯಾವ ಗುಂಡಿಯನ್ನು ತಪ್ಪಾಗಿ ಒತ್ತಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಆ ಜಾಗಗಳಲ್ಲಿ ಹಾಳೆಯನ್ನು ತಿದ್ದಿ, ದಿನಾಂಕ ಹಾಕಿ, ಬೇರೊಬ್ಬರಿಗೆ ಕೊಟ್ಟು ಮತ್ತೊಮ್ಮೆ ನೋಡಿ.

ಫಲಿತಾಂಶ: ಯಾರನ್ನೂ ಕೇಳದೆ ಅವರು ಕೆಲಸ ಮುಗಿಸಿದರೆ ನಿಮ್ಮ ಕೈಪಿಡಿ ಸಿದ್ಧವಾಯಿತು ಎಂದು ತಿಳಿಯಿರಿ. ಹಾಳೆಯನ್ನು ಆ ಸಾಧನದ ಬಳಿಯೇ ತೂಗುಹಾಕಿ. ಸಾಧನ ಬದಲಾದ ದಿನ ಹಾಳೆಯನ್ನೂ ಬದಲಿಸಲು ಮರೆಯಬೇಡಿ.